ಲೈಕಿನ ಲೆಕ್ಕ, ರಿಟರ್ನಿನ ಲೆಕ್ಕ

2023ರ ಏಪ್ರಿಲ್ 5ರಂದು ಅಮುಲ್ ಒಂದು ಟ್ವೀಟ್ ಹಾಕಿತು. ಹಾಲು, ಮೊಸರು ಎರಡನ್ನೂ ಬೆಂಗಳೂರಿಗೆ ತರುತ್ತಿದ್ದೇವೆ, ಹೆಚ್ಚಿನ ವಿವರ ಸದ್ಯದಲ್ಲೇ ಎಂಬುದು ಅದರ ಸಾರ. ಹೊಸ ಊರಿಗೆ ಸರಕು ಬಿಡುವಾಗ ಯಾವ ಕಂಪನಿಯಾದರೂ ಹಾಕುವಂಥದ್ದೇ. ಒಂದೆರಡು ದಿನದಲ್ಲಿ ಕನ್ನಡಿಗರ ಫೋನುಗಳ ತುಂಬ ಅದೇ ಮಾತಾಯಿತು. ಹಂಚಿಕೊಂಡವರೆಷ್ಟು, ಉತ್ತರ ಬರೆದವರೆಷ್ಟು ಎಂದಷ್ಟೇ ಎಣಿಸುವವರು ಇದನ್ನು ಭರ್ಜರಿ ಪ್ರಚಾರವೆಂದೇ ಬರೆದುಕೊಳ್ಳಬೇಕಿತ್ತು. ಆದರೆ ಟ್ರೆಂಡ್ ಆದದ್ದು ‘ಗೋ ಬ್ಯಾಕ್ ಅಮುಲ್’ ಮತ್ತು ‘ಸೇವ್ ನಂದಿನಿ’.

ಹೊತ್ತು ಸರಿಯಿರಲಿಲ್ಲ, ನಿಜ. ಮೇ 10ಕ್ಕೆ ವಿಧಾನಸಭೆ ಚುನಾವಣೆ. ಅದಕ್ಕೂ ಮೊದಲು, 2022ರ ಡಿಸೆಂಬರ್ ಕೊನೆಯಲ್ಲಿ, ಕೇಂದ್ರ ಸಹಕಾರ ಸಚಿವ ಅಮಿತ್ ಶಾ ಮಂಡ್ಯ ಜಿಲ್ಲೆಯಲ್ಲಿ ನಿಂತು ಅಮುಲ್ ಮತ್ತು ನಂದಿನಿಯ ಒಡೆಯ ಕೆಎಂಎಫ್ ಕೂಡಿ ಕೆಲಸ ಮಾಡಬೇಕೆಂದು ಹೇಳಿ ಹೋಗಿದ್ದರು. ‘ಕೂಡಿ’ ಎಂದರೆ ‘ವಿಲೀನ’ ಎಂದೇ ಇಲ್ಲಿ ಅನೇಕರಿಗೆ ಕೇಳಿಸಿತ್ತು. ಮಾರ್ಚ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಮೊಸರಿನ ಪ್ಯಾಕೆಟ್ಟಿನ ಮೇಲೆ ‘ದಹಿ’ ಎಂದು ಬರೆಯಿರಿ ಎಂದು ಹೇಳಿ, ಕೂಗೆದ್ದ ಮೇಲೆ ಹಿಂದೆ ಸರಿದಿತ್ತು. ಇಷ್ಟರ ಮೇಲೆ ಆ ಟ್ವೀಟ್. ಸಿದ್ದರಾಮಯ್ಯ ಅಮುಲ್ ಕೊಳ್ಳಬೇಡಿ ಎಂದರು. ಬೃಹತ್ ಬೆಂಗಳೂರು ಹೋಟೆಲುಗಳ ಸಂಘ ನಂದಿನಿ ಹಾಲನ್ನೇ ಬಳಸುತ್ತೇವೆ ಎಂದಿತು. ಏಪ್ರಿಲ್ ನಡುವೆ ರಾಹುಲ್ ಗಾಂಧಿ ನಂದಿನಿ ಮಳಿಗೆಗೆ ಹೋಗಿ ಐಸ್‌ಕ್ರೀಮ್ ತಿಂದು ಫೋಟೊ ಹಾಕಿದರು. ಅಮುಲ್ ಮುಖ್ಯಸ್ಥ ಜಯೇನ್ ಮೆಹ್ತಾ, ನಾವು ಆನ್‌ಲೈನಿನಲ್ಲಿ ಮಾತ್ರ ಮಾರುತ್ತೇವೆ, ನಂದಿನಿಗೆ ಪೈಪೋಟಿ ಕೊಡುವ ಉದ್ದೇಶವಿಲ್ಲ ಎಂದು ಮತ್ತೆ ಮತ್ತೆ ಹೇಳಬೇಕಾಯಿತು. ಅವರ ಮಾತಿನಲ್ಲಿ ಹುರುಳಿತ್ತು: ಆಗ ನಂದಿನಿಯ ನೀಲಿ ಪ್ಯಾಕೆಟ್ಟಿನ ಹಾಲು ಲೀಟರಿಗೆ 39 ರೂಪಾಯಿ, ಅಮುಲ್ ತಾಜಾ 54. ಬೆಲೆಯ ಮಟ್ಟಿಗೆ ಅದು ಪೈಪೋಟಿಯೇ ಅಲ್ಲ.

ಇದೆಲ್ಲ ಬರೀ ರಾಜಕೀಯ ಎಂದು ತಳ್ಳಿಹಾಕುವುದು ಸುಲಭ. ರಾಜಕಾರಣಿಗಳು ಇದನ್ನು ಬಳಸಿಕೊಂಡದ್ದು ಖರೆ. ಆದರೆ ಬಳಸಿಕೊಳ್ಳಲು ಅಲ್ಲೊಂದು ವಸ್ತು ಇರಬೇಕಲ್ಲ? ರಾಜ್ಯದ ಸುಮಾರು 26 ಲಕ್ಷ ಹಾಲು ಉತ್ಪಾದಕರು, ಊರೂರಿನ ಡೇರಿ ಸಂಘ, ಅಲ್ಲಿ ಬೆಳಿಗ್ಗೆ-ಸಂಜೆ ಕ್ಯಾನು ಹಿಡಿದು ನಿಲ್ಲುವ ಸಾಲು, ಲೀಟರಿಗೆ ಐದು ರೂಪಾಯಿ ಸರ್ಕಾರದ ಪ್ರೋತ್ಸಾಹಧನ, ನಗರದಲ್ಲಿ ಬೀದಿ ತಿರುವಿನ ಬೂತು. ಡಾ. ರಾಜ್‌ಕುಮಾರ್ ಸಂಭಾವನೆ ಪಡೆಯದೆ ನಂದಿನಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದರು. ಮುಂದೆ ಪುನೀತ್ ಅದೇ ದಾರಿ ಹಿಡಿದರು. ಈ ಎಲ್ಲದರ ಒಟ್ಟು ಮೊತ್ತ ಆ ಏಪ್ರಿಲ್‌ನಲ್ಲಿ ಒಮ್ಮೆಗೇ ಮಾತಾಡಿತು. ನಂದಿನಿಯ ಇತಿಹಾಸದ ದೊಡ್ಡ ಡಿಜಿಟಲ್ ಪ್ರಚಾರವನ್ನು ನಂದಿನಿ ಮಾಡಲೇ ಇಲ್ಲ. ಅದರ ಗಿರಾಕಿಗಳೇ ಮಾಡಿದರು.

ಎಡವಿದ್ದು ಯಾರು ಎಂಬುದು ಇಲ್ಲಿ ಹೆಚ್ಚು ಕುತೂಹಲದ್ದು. ಜನರೊಂದಿಗೆ ಮಾತಾಡುವ ಕಲೆಯಲ್ಲಿ ಭಾರತದಲ್ಲಿ ಅಮುಲ್‌ಗಿಂತ ಪಳಗಿದ ಕೈ ಇನ್ನೊಂದಿಲ್ಲ. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಮತ್ತು ಚಿತ್ರಕಾರ ಯೂಸ್ಟೇಸ್ ಫರ್ನಾಂಡಿಸ್ ಹುಟ್ಟುಹಾಕಿದ ಚುಕ್ಕಿ ಲಂಗದ ಹುಡುಗಿ ಅರ್ಧ ಶತಮಾನ ದಾಟಿಯೂ ಮುದಿಯಾಗಿಲ್ಲ. ಕ್ರಿಕೆಟ್, ಚುನಾವಣೆ, ಸಿನಿಮಾ, ಹಗರಣ — ಯಾವುದು ನಡೆದರೂ ಅವಳದೊಂದು ಚಾಟಿ. ಪ್ರತಿ ಜಾಹೀರಾತಿಗೂ ಕಂಪನಿಯ ಒಪ್ಪಿಗೆ ಕಾಯಬೇಕಿಲ್ಲ ಎಂಬ ಸ್ವಾತಂತ್ರ್ಯವನ್ನು ವರ್ಗೀಸ್ ಕುರಿಯನ್ ಏಜೆನ್ಸಿಗೆ ಕೊಟ್ಟಿದ್ದರು. ಇವತ್ತಿನ ಸೋಷಿಯಲ್ ಮೀಡಿಯಾ ತಂಡಗಳು ಏಳು ಮೇಲಧಿಕಾರಿಗಳ ಸಹಿಗೆ ಕಾದು ಕೂರುವುದನ್ನು ನೆನೆದರೆ ಆ ನಿರ್ಧಾರದ ಬೆಲೆ ತಿಳಿಯುತ್ತದೆ. ಬೀದಿಯ ಹೋರ್ಡಿಂಗಿನಿಂದ ಫೋನಿನ ಪರದೆಗೆ ಬರಲು ಅಮುಲ್ ಹುಡುಗಿ ವೇಷ ಬದಲಿಸಬೇಕಾಗಲಿಲ್ಲ. 2020ರ ಲಾಕ್‌ಡೌನಿನಲ್ಲಿ ದೂರದರ್ಶನ ರಾಮಾಯಣ, ಮಹಾಭಾರತಗಳನ್ನು ಮರುಪ್ರಸಾರ ಮಾಡಿದಾಗ ಅಮುಲ್ ತನ್ನ ಹಳೆಯ ಟಿವಿ ಜಾಹೀರಾತುಗಳನ್ನೇ ಕಪಾಟಿನಿಂದ ತೆಗೆದು ಅವುಗಳ ನಡುವೆ ಹಾಕಿತು. ನೋಡಿದವರು ತಮ್ಮ ಬಾಲ್ಯ ನೆನೆದು ತಾವೇ ಹಂಚಿದರು. ಅದೇ ಜೂನ್‌ನಲ್ಲಿ ಚೀನಾ ಕುರಿತ ಒಂದು ಚಿತ್ರ ಹಾಕಿದ ಬೆನ್ನಿಗೇ ಅಮುಲ್‌ನ ಟ್ವಿಟರ್ ಖಾತೆ ಕೆಲಹೊತ್ತು ಸ್ಥಗಿತವಾಯಿತು; ಭದ್ರತಾ ಪರಿಶೀಲನೆಯಷ್ಟೇ ಎಂದು ಟ್ವಿಟರ್ ಹೇಳಿತಾದರೂ ಅಷ್ಟರಲ್ಲಿ ಅದೇ ಒಂದು ಸುದ್ದಿಯಾಗಿ ಚಿತ್ರ ಇನ್ನಷ್ಟು ಜನರನ್ನು ಮುಟ್ಟಿತ್ತು.

ಇಂಥ ಪಳಗಿದ ಕೈಗೆ ಬೆಂಗಳೂರಿನಲ್ಲಿ ಏನಾಯಿತು? ಬೆಣ್ಣೆಯ ಹುಡುಗಿಯನ್ನು ನೋಡಿ ನಗುವ ಬೆಂಗಳೂರಿಗನೂ, ಹಾಲಿನ ವಿಷಯ ಬಂದಾಗ ಬೆನ್ನು ತಿರುಗಿಸಿದ ಬೆಂಗಳೂರಿಗನೂ ಒಬ್ಬನೇ. ನೋಡುಗನಾಗಿ ಅವನು ಅಮುಲ್‌ನವನು, ಗಿರಾಕಿಯಾಗಿ ನಂದಿನಿಯವನು. ಡಿಜಿಟಲ್ ಪ್ರಚಾರದ ವರದಿಗಳು ಈ ಇಬ್ಬರನ್ನು ಒಂದೇ ಕಾಲಮ್ಮಿನಲ್ಲಿ ಕೂರಿಸುತ್ತವೆ. ಗೊಂದಲವೆಲ್ಲ ಶುರುವಾಗುವುದು ಅಲ್ಲಿಂದ.

ಅಮುಲ್‌ನ ತವರು ಗುಜರಾತಿನ ಕಥೆಯನ್ನು ಸ್ವಲ್ಪ ಹಿಂದಕ್ಕೆ ಎಳೆದರೆ ಈ ಗೊಂದಲ ಯಾವಾಗ ಹುಟ್ಟಿತು ಎಂಬುದು ಕಾಣುತ್ತದೆ. ಅಹಮದಾಬಾದಿನಿಂದ ಹೊರಟ ರೈಲು ಆಣಂದ್, ವಡೋದರ ಹಾದು ಮೂರು-ನಾಲ್ಕು ತಾಸಿನಲ್ಲಿ ಸೂರತ್ ಮುಟ್ಟುತ್ತದೆ. ಭಾರತದ ಮಧ್ಯಮ ವರ್ಗ ಏನನ್ನು ತೊಳೆಯಿತು, ಉಟ್ಟಿತು, ಕುಡಿಯಿತು ಎಂಬುದರ ಬಹುಪಾಲು ಈ ಸಣ್ಣ ಹಾದಿಯಲ್ಲೇ ತೀರ್ಮಾನವಾಯಿತು ಎಂದರೆ ಉತ್ಪ್ರೇಕ್ಷೆ ಆಗಲಿಕ್ಕಿಲ್ಲ. 1969ರಲ್ಲಿ ಕರ್ಸನ್‌ಭಾಯ್ ಪಟೇಲ್ ಮನೆಯಂಗಳದಲ್ಲಿ ಕಲಸಿದ ಡಿಟರ್ಜೆಂಟ್ ಪುಡಿಯನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಅಹಮದಾಬಾದಿನ ಮನೆಮನೆಗೆ ಮಾರಿದರು. ಸರ್ಫ್ ಕಿಲೋಗೆ ಹದಿಮೂರು ರೂಪಾಯಿ ಇದ್ದ ಕಾಲದಲ್ಲಿ ನಿರ್ಮಾ ಮೂರು ರೂಪಾಯಿ. ರೇಡಿಯೊ, ಟಿವಿಯ ಹಾಡು ಆಮೇಲೆ ಬಂದದ್ದು. ಇಡೀ ದೇಶದ ಬಾಯಿಗೆ ಆ ಹಾಡು ಬಂತು ಅನ್ನುವುದು ನಮಗೆ ನೆನಪಿದೆ. ಹಾಡಿಗೆ ಮೊದಲು ಸೈಕಲ್ಲಿತ್ತು, ಮೂರು ರೂಪಾಯಿಯಿತ್ತು ಎಂಬುದು ಮರೆತುಹೋಗಿದೆ. ಜಾಹೀರಾತಿನ ಪಾಠ ಹೇಳುವವರಂತೂ ಇದನ್ನು ಬೇಕೆಂದೇ ಮರೆಯುತ್ತಾರೇನೋ!

1980ರಲ್ಲಿ ಎ.ಜಿ. ಕೃಷ್ಣಮೂರ್ತಿ ಎಂಬ ತೆಲುಗರು ಅಹಮದಾಬಾದಿನಲ್ಲಿ ಮುದ್ರಾ ಏಜೆನ್ಸಿ ತೆರೆದಾಗ ಕೈಯಲ್ಲಿದ್ದದ್ದು ಮೂವತ್ತೈದು ಸಾವಿರ ರೂಪಾಯಿ ಮತ್ತು ಒಬ್ಬನೇ ಒಬ್ಬ ಗಿರಾಕಿ, ರಿಲಯನ್ಸಿನ ವಿಮಲ್ ಬಟ್ಟೆ. ಜಾಹೀರಾತೆಂದರೆ ಮುಂಬೈ, ಇಂಗ್ಲಿಷ್ ಎಂದಿದ್ದ ಕಾಲದಲ್ಲಿ ಇದು ದುಸ್ಸಾಹಸ. ಅದೇ ಊರಿನ ರಸ್ನಾ ಕೂಡ ಮುದ್ರಾದ ಕೈಯಲ್ಲೇ ಮನೆಮಾತಾಯಿತು. ಗಾಜಿನ ಲೋಟ ಹಿಡಿದ ಆ ಪುಟ್ಟ ಹುಡುಗಿ ಕನ್ನಡದ ಎಷ್ಟು ಮನೆಗಳ ಬೇಸಿಗೆ ರಜೆಯನ್ನು ಹೊಕ್ಕಳೆಂಬುದನ್ನು ಎಂಬತ್ತರ ದಶಕದಲ್ಲಿ ಶಾಲೆಗೆ ಹೋದವರನ್ನು ಕೇಳಬೇಕು. 1991ರಲ್ಲಿ ಕೃಷ್ಣಮೂರ್ತಿಯವರು ಕಟ್ಟಿದ ಮೈಕಾ ಸಂಸ್ಥೆಯಲ್ಲಿ ಈಗ ಡಿಜಿಟಲ್ ಮಾರ್ಕೆಟಿಂಗೂ ಒಂದು ಪಾಠ. ಆದರೆ ಆ ಕಾಲದ ಪ್ರಚಾರಕ್ಕೂ ಈಗಿನದಕ್ಕೂ ಇರುವ ಅಂತರವನ್ನು ತಿಳಿಯಲು ಅಹಮದಾಬಾದಿಗಿಂತ ವಡೋದರದಲ್ಲಿ ಇಳಿಯುವುದು ಒಳ್ಳೆಯದು.

ಹಳಬರು ಇಂದಿಗೂ ಬರೋಡ ಎನ್ನುವ ಆ ಊರು ಕೊಟ್ಟದ್ದು ಹಾಡನ್ನಲ್ಲ, ಲೆಕ್ಕವನ್ನು. ಬಾಹ್ಯಾಕಾಶದ ಕನಸು ಕಂಡವರೆಂದು ನಾವು ಬಲ್ಲ ವಿಕ್ರಮ್ ಸಾರಾಭಾಯ್ ಔಷಧ, ರಾಸಾಯನಿಕಗಳ ಉದ್ಯಮ ನಡೆಸುತ್ತಿದ್ದ ಮನೆತನದವರೂ ಹೌದು. 1960ರಲ್ಲಿ ಅವರು ಅಲ್ಲಿ ಆಪರೇಷನ್ಸ್ ರಿಸರ್ಚ್ ಗ್ರೂಪ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಓಆರ್‌ಜಿ ಎಂಬ ಮೂರಕ್ಷರದಲ್ಲಿ ಅದು ದೇಶದ ವ್ಯಾಪಾರಲೋಕಕ್ಕೆಲ್ಲ ಪರಿಚಿತವಾಯಿತು. ಅದರ ಅಂಗಡಿ ಲೆಕ್ಕಪರಿಶೋಧನೆಯೆಂಬ ವಿಧಾನದ ಚಂದ ನೋಡಿ. ಆಯ್ದ ಔಷಧದಂಗಡಿಗೋ ಕಿರಾಣಿಗೋ ಒಬ್ಬ ನೌಕರ ನಿಗದಿತ ಅವಧಿಗೊಮ್ಮೆ ಹೋಗುತ್ತಾನೆ. ಹಿಂದಿನ ಸಲ ಕಪಾಟಿನಲ್ಲಿ ಉಳಿದ ಡಬ್ಬಿಗಳೆಷ್ಟು ಎಂಬುದು ಅವನ ಪುಸ್ತಕದಲ್ಲಿದೆ. ಆಮೇಲೆ ಬಂದ ಸರಕಿನ ಬಿಲ್ಲುಗಳನ್ನು ಅಂಗಡಿಯವನಿಂದ ಪಡೆದು ಅದಕ್ಕೆ ಕೂಡುತ್ತಾನೆ. ಬಳಿಕ ಏಣಿ ಹತ್ತಿ, ಕೌಂಟರಿನ ಕೆಳಗೆ ಬಗ್ಗಿ, ಈಗ ಉಳಿದಿರುವುದನ್ನು ಒಂದೊಂದಾಗಿ ಎಣಿಸಿ ಕಳೆಯುತ್ತಾನೆ. ಉಳಿದ ಸಂಖ್ಯೆಯೇ ಮಾರಾಟ. ಜಾಹೀರಾತು ನೋಡಿದಿರಾ, ಇಷ್ಟವಾಯಿತೇ ಎಂದು ಯಾರನ್ನೂ ಕೇಳುವುದಿಲ್ಲ. ಜಾಹೀರಾತು ಮಾಡಿದವನಿಗೂ ಎಣಿಸುವವನಿಗೂ ನಂಟಿಲ್ಲ. ಸಂಖ್ಯೆ ಎಷ್ಟು ಒಣಗಿದ್ದರೂ ಅದನ್ನು ನಂಬಬಹುದು.

ಈಗಿನ ವ್ಯವಸ್ಥೆಯಲ್ಲಿ ಜಾಹೀರಾತಿನ ಜಾಗ ಮಾರುವ ಅಂಗಡಿಯೂ, ಎಷ್ಟು ಜನ ನೋಡಿದರು ಎಂದು ಎಣಿಸುವ ಗುಮಾಸ್ತನೂ ಒಂದೇ ಕಂಪನಿ. 2016ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಒಂದು ತಪ್ಪು ಒಪ್ಪಿಕೊಂಡಿತು. ಜನ ಒಂದು ವಿಡಿಯೊವನ್ನು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆಂದು ಲೆಕ್ಕಹಾಕುವಾಗ ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಕೈಬಿಟ್ಟಿದ್ದರಿಂದ, ಎರಡು ವರ್ಷ ಕಾಲ ಆ ಸರಾಸರಿ ಶೇ 60ರಿಂದ 80ರಷ್ಟು ಉಬ್ಬಿತ್ತು. ಅದನ್ನು ನಂಬಿ ಜಗತ್ತಿನ ಎಷ್ಟು ಕಂಪನಿಗಳು ಟಿವಿಯ, ಪತ್ರಿಕೆಯ ಹಣವನ್ನು ಅತ್ತ ಹರಿಸಿದವೋ. ಬರೋಡದ ಏಣಿ ಹತ್ತುವ ನೌಕರ ಇಂಥ ತಪ್ಪು ಮಾಡಿದ್ದರೆ ಅಂಗಡಿಯವನೇ ನಕ್ಕು ತಿದ್ದುತ್ತಿದ್ದ.

ಇಷ್ಟು ಹೇಳಿದರೆ ಹಳೆಯ ಕಾಲವೆಲ್ಲ ಚಿನ್ನ ಎಂದಂತಾಗುತ್ತದೆ. ಹಾಗೇನಿಲ್ಲ. ಆಗ ನೋಡುಗನಿಗೆ ಬಾಯಿ ಇರಲಿಲ್ಲ. ಅದಕ್ಕೂ ಗುಜರಾತಿನಲ್ಲೇ ಒಂದು ಅಪವಾದ ಸಿಗುತ್ತದೆ, ಅದರಲ್ಲಿ ಕರ್ನಾಟಕಕ್ಕೂ ಪಾಲಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಇಸ್ರೋ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿತು. ಕರ್ನಾಟಕದ ಪಾಲಿಗೆ ಬಂದದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಕನ್ನಡ ಕಾರ್ಯಕ್ರಮ ತಯಾರಾದದ್ದು ಹೈದರಾಬಾದಿನಲ್ಲಿ, ಉಪಗ್ರಹಕ್ಕೆ ಹಾರಿದ್ದು ಅಹಮದಾಬಾದಿನ ಭೂಕೇಂದ್ರದಿಂದ. ಇದರ ಜೊತೆಗೇ ಅಮುಲ್‌ನ ತವರಾದ ಖೇಡಾ ಜಿಲ್ಲೆಯಲ್ಲಿ ಪೀಜ್ ಎಂಬ ಊರಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ನಿಲ್ಲಿಸಿ, ಸುತ್ತಲ ಹಳ್ಳಿಗಳಲ್ಲಿ ಸಾರ್ವಜನಿಕ ಟಿವಿ ಇಟ್ಟು, ಅಲ್ಲಿನ ಜನರ ತಕರಾರುಗಳನ್ನೇ ಕಾರ್ಯಕ್ರಮ ಮಾಡಿದರು. ಟಿವಿ ಇಡಲು ಹಾಲಿನ ಸಂಘಕ್ಕಿಂತ ಒಳ್ಳೆಯ ಜಾಗ ಹಳ್ಳಿಯಲ್ಲಿ ಎಲ್ಲಿದೆ? ಸಂಶೋಧಕರು ಹಳ್ಳಿಗೆ ಹೋಗಿ ಕೂತು, ನೋಡಿದವರ ಮಾತು ಕೇಳಿ, ಮುಂದಿನ ಕಾರ್ಯಕ್ರಮ ತಿದ್ದುತ್ತಿದ್ದರು. 1985ರಲ್ಲಿ ಪೀಜ್‌ನ ಟ್ರಾನ್ಸ್‌ಮಿಟರನ್ನು ಮದ್ರಾಸಿಗೆ ಸಾಗಿಸಲು ಹೊರಟಾಗ ಜನ ಪ್ರತಿಭಟಿಸಿದರು. ಯಾರೋ ಕಳಿಸಿದ ಕಾರ್ಯಕ್ರಮಕ್ಕಾಗಿ ಜನ ಬೀದಿಗಿಳಿಯುವುದಿಲ್ಲ; ತಮ್ಮದೆನಿಸಿದ್ದಕ್ಕೆ ಮಾತ್ರ ಇಳಿಯುತ್ತಾರೆ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು, 2018ರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ ಜುಲೈನಲ್ಲೇ ಇನ್‌ಸ್ಟಾಗ್ರಾಮ್ ರೀಲ್ಸ್ ಆ ಜಾಗಕ್ಕೆ ಬಂತು. ನೋಡುಗನಿಗೆ ಬಾಯಿ ಬಂತು. ಇದನ್ನು ಮೊದಲು ಅರಿತವರು ದೊಡ್ಡ ಬ್ರ್ಯಾಂಡುಗಳಲ್ಲ, ಸೂರತ್‌ನ ಸೀರೆ ವ್ಯಾಪಾರಿಗಳು.

ಸೂರತ್‌ನ ರಿಂಗ್ ರೋಡಿನ ಎರಡೂ ಬದಿ ನೂರಕ್ಕೂ ಹೆಚ್ಚು ಜವಳಿ ಮಾರುಕಟ್ಟೆ ಕಟ್ಟಡಗಳು. ಒಂದೊಂದರಲ್ಲೂ ನೂರಾರು ಅಂಗಡಿ. ಹುಬ್ಬಳ್ಳಿಯ ಜವಳಿ ಸಾಲಿಗೂ ಬೆಂಗಳೂರಿನ ಚಿಕ್ಕಪೇಟೆಗೂ ದಶಕಗಳಿಂದ ಇಲ್ಲಿಂದಲೇ ಪಾರ್ಸಲ್. ಹಳೆಯ ಪದ್ಧತಿಯಲ್ಲಿ ಆಡತಿಯ ಮೂಲಕ ಆರ್ಡರು, ಲಾರಿಯಲ್ಲಿ ಸರಕು, ತಿಂಗಳುಗಟ್ಟಲೆ ಉದ್ರಿ. ಉಡುವವಳ ಮುಖವನ್ನು ನೇಯಿಸಿದವನು ನೋಡುವ ಪ್ರಶ್ನೆಯೇ ಇರಲಿಲ್ಲ. ಈಗ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ, ಹತ್ತಡಿ ಅಂಗಡಿಯೊಳಗೆ, ಸೀರೆಯ ಗಂಟುಗಳನ್ನು ಗೋಡೆಗೆ ಒತ್ತರಿಸಿ ಒಂದು ರಿಂಗ್‌ಲೈಟ್. ಸ್ಟ್ಯಾಂಡಿಗೆ ಫೋನು. ಮಾತಿನ ಮಲ್ಲನೊಬ್ಬ ಗುಜರಾತಿ ಬೆರೆತ ಹಿಂದಿಯಲ್ಲಿ ಸೀರೆ ಬಿಡಿಸಿ ಸೆರಗು ತೋರಿಸುತ್ತಾನೆ, ಮಡಚುವ ಮೊದಲೇ ಇನ್ನೊಂದು ಬಿಡಿಸುತ್ತಾನೆ. ಪಕ್ಕದಲ್ಲೊಬ್ಬ ಹುಡುಗ ಕಾಮೆಂಟು ಓದುತ್ತಾನೆ. ರೇಟು ಎಷ್ಟು, ಬ್ಲೌಸ್ ಪೀಸ್ ಇದೆಯಾ, ಬಣ್ಣ ಹೋಗುತ್ತಾ, ಸಿಒಡಿ ಉಂಟಾ, ಸಿಂಗಲ್ ಪೀಸ್ ಕೊಡ್ತೀರಾ? ಆರೂ ಕಾಲು ಮೀಟರಿನ ಸೀರೆಯಲ್ಲಿ ಬ್ಲೌಸಿಗೆ ಎಷ್ಟು ಬಿಟ್ಟಿದೆ ಎಂಬುದನ್ನು ಟೇಪು ಹಿಡಿದು ತೋರಿಸಬೇಕು. ಬೇಕಾದವಳು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ಗೆ ಕಳಿಸುತ್ತಾಳೆ. ಈ ಅಂಗಡಿಗೊಂದು ಲೋಗೊ ಇಲ್ಲ, ಘೋಷವಾಕ್ಯವಿಲ್ಲ, ಏಜೆನ್ಸಿ ಇಲ್ಲ. ಆದರೆ ಮ್ಯಾನೇಜ್‌ಮೆಂಟ್ ಪುಸ್ತಕಗಳು ಗ್ರಾಹಕರೊಂದಿಗೆ ಸಂವಾದ ಎಂದು ಯಾವುದನ್ನು ಕರೆಯುತ್ತವೋ ಅದು ಇಲ್ಲಿ ದಿನಕ್ಕೆ ನಾಲ್ಕು ತಾಸು ನಡೆಯುತ್ತದೆ.

ಈ ಸರಪಳಿಯ ಇನ್ನೊಂದು ತುದಿ ಬೆಂಗಳೂರಿನಲ್ಲಿದೆ. 2015ರಲ್ಲಿ ವಿದಿತ್ ಆತ್ರೇಯ, ಸಂಜೀವ್ ಬರ್ನ್‌ವಾಲ್ ಇಲ್ಲಿ ಶುರುಮಾಡಿದ ಮೀಶೋ, ಮನೆಯಲ್ಲೇ ಕೂತು ವಾಟ್ಸ್‌ಆ್ಯಪ್‌ನಲ್ಲಿ ಸೀರೆ ಮಾರುವ ಹೆಂಗಸರನ್ನು ನಂಬಿ ಬೆಳೆಯಿತು. 2019ರಲ್ಲಿ ಫೇಸ್‌ಬುಕ್ ಭಾರತದ ನವೋದ್ಯಮವೊಂದರಲ್ಲಿ ಮೊದಲ ಬಾರಿ ಹಣ ಹೂಡಿದ್ದು ಇದರಲ್ಲೇ. ಕ್ಯಾಟಲಾಗ್ ಸೂರತ್‌ನದು, ಆ್ಯಪ್ ಬೆಂಗಳೂರಿನದು, ಗಿರಾಕಿ ಗಂಗಾವತಿಯಲ್ಲೋ ಶಿರಸಿಯಲ್ಲೋ. ನಡುವೆ ನಿಂತು ಇದು ಚೆನ್ನಾಗಿದೆ, ತಗೊಳ್ಳಿ ಎನ್ನುವವಳು ಅದೇ ಓಣಿಯ ಪರಿಚಯದವಳು. ಕೋಟಿಗಟ್ಟಲೆ ಹಿಂಬಾಲಕರಿರುವ ತಾರೆಗೆ ಸಿಗದ ಒಂದು ಬಂಡವಾಳ ಅವಳಲ್ಲಿದೆ. ಸೀರೆ ಕೆಟ್ಟದ್ದಾದರೆ ನಾಳೆ ನಲ್ಲಿಯ ಹತ್ತಿರ ಉತ್ತರ ಕೊಡಬೇಕಾದವಳು ಅವಳೇ.

ಸೂರತ್‌ನ ವ್ಯಾಪಾರಿ ಲೈಕು ಎಣಿಸುವುದಿಲ್ಲ ಎಂದಲ್ಲ, ಎಣಿಸುತ್ತಾನೆ. ಆದರೆ ರಾತ್ರಿ ಅಂಗಡಿ ಮುಚ್ಚುವಾಗ ಅವನು ನೋಡುವ ಸಂಖ್ಯೆ ಬೇರೆ. ಅದು ರಿಟರ್ನ್, ಮತ್ತು ಆರ್‌ಟಿಒ — ಸಾರಿಗೆ ಕಚೇರಿಯಲ್ಲ, ಹಣ ಕೊಡದೆ ಬಾಗಿಲಿಂದಲೇ ಹಿಂದಿರುಗಿದ ಪಾರ್ಸಲ್. ರಿಂಗ್‌ಲೈಟಿನ ಬೆಳಕಲ್ಲಿ ಕೆಂಪಾಗಿ ಕಂಡದ್ದು ಮನೆಗೆ ಬಂದಾಗ ಇಟ್ಟಿಗೆ ಬಣ್ಣವಾಗಿದ್ದರೆ ರಿಟರ್ನ್. ‘ಡೋಲಾ ಸಿಲ್ಕ್’, ‘ವಿಚಿತ್ರಾ ಸಿಲ್ಕ್’ ಎಂದು ಕೂಗಿ ಮಾರಿದ ಸೀರೆ ಮುಟ್ಟಿದಾಗ ಅಪ್ಪಟ ಪಾಲಿಯೆಸ್ಟರ್ ಎನಿಸಿದರೆ ರಿಟರ್ನ್. ಹೋಗಿಬರುವ ಕೊರಿಯರ್ ಖರ್ಚು ಮಾರಿದವನ ತಲೆಗೆ. ಗಿರಾಕಿಯ ಕಡೆಯಿಂದಲೂ ಮೋಸ ನಡೆಯುತ್ತದೆ. ಉಟ್ಟು, ಫೋಟೊ ತೆಗೆಸಿಕೊಂಡು, ಮದುವೆ ಮುಗಿದ ಮೇಲೆ ವಾಪಸು ಮಾಡುವವರಿದ್ದಾರೆ. ಅದಕ್ಕೇ ಸೀರೆ ಗ್ರೂಪುಗಳಲ್ಲೆಲ್ಲ ‘ಓಪನಿಂಗ್ ವಿಡಿಯೊ ಕಡ್ಡಾಯ’ ಎಂಬ ಷರತ್ತು. ಪಾರ್ಸಲ್ ಕತ್ತರಿಸುವುದರಿಂದ ಹಿಡಿದು ಸೀರೆ ಬಿಡಿಸುವವರೆಗೆ ನಿಲ್ಲಿಸದೆ ಚಿತ್ರೀಕರಿಸಿದರೆ ಮಾತ್ರ ಬದಲಿ. ಮಾರುವವನಿಗೂ ಕೊಳ್ಳುವವಳಿಗೂ ಒಬ್ಬರ ಮೇಲೊಬ್ಬರಿಗೆ ಎಷ್ಟು ನಂಬಿಕೆಯಿದೆ ಎಂಬುದನ್ನು ಈ ಒಂದು ಷರತ್ತಿನಷ್ಟು ನಿಖರವಾಗಿ ಯಾವ ಸಮೀಕ್ಷೆಯೂ ಹೇಳಲಾರದು.

ಅಂದರೆ ಓಆರ್‌ಜಿಯ ಏಣಿ ಹತ್ತುವ ನೌಕರ ಎಲ್ಲೂ ಹೋಗಿಲ್ಲ. ರಿಟರ್ನ್ ಪಾರ್ಸಲುಗಳ ರಾಶಿಯ ರೂಪದಲ್ಲಿ ಅವನು ಸೂರತ್‌ಗೆ ಬಂದಿದ್ದಾನೆ. ವ್ಯತ್ಯಾಸವೆಂದರೆ, ದೊಡ್ಡ ಬ್ರ್ಯಾಂಡುಗಳು ಅವನನ್ನು ಪ್ರಚಾರದ ವರದಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. ರಿಟರ್ನು ಗೋದಾಮಿನ ವಿಷಯ, ದೂರು ಕಾಲ್ ಸೆಂಟರಿನ ವಿಷಯ, ಲೈಕು ಮಾರ್ಕೆಟಿಂಗಿನ ವಿಷಯ ಎಂದು ಮೂರು ಮಹಡಿಗಳಲ್ಲಿ ಹಂಚಿಟ್ಟಿರುತ್ತಾರೆ. ಅಮುಲ್‌ನ ಆ ಟ್ವೀಟ್ ಬರೆದವರಿಗೂ ಕರ್ನಾಟಕದ ಹಾಲಿನ ರಾಜಕೀಯ ಬಲ್ಲವರಿಗೂ ನಡುವೆ ಇಂಥದೇ ಮಹಡಿಗಳಿದ್ದಿರಬೇಕು ಎಂದು ಊಹಿಸಬಹುದಷ್ಟೇ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಹಗುರದ್ದಲ್ಲ. ಪ್ರಚಾರದ ಫಲ ನಾಳೆಯೇ ಸಿಗಬೇಕಿಲ್ಲ. ಹೆಸರು ಮನಸ್ಸಿನಲ್ಲಿ ಕೂತರೆ ಸಾಕು, ಹತ್ತು ವರ್ಷದ ಬಳಿಕವಾದರೂ ಕೈ ಅದೇ ಡಬ್ಬಿಗೆ ಹೋಗುತ್ತದೆ ಎನ್ನುತ್ತಾರೆ ಜಾಹೀರಾತಿನವರು. ಅಮುಲ್ ಬೆಣ್ಣೆಯೇ ಇದಕ್ಕೆ ಸಾಕ್ಷಿ. 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ರೆಡ್ ಕಂಪನಿ ರಾಹುಲ್ ದ್ರಾವಿಡ್ ಅವರನ್ನು ಟ್ರಾಫಿಕ್ಕಿನಲ್ಲಿ ಸಿಟ್ಟಿಗೆಬ್ಬಿಸಿ, ಕಾರಿನ ಸನ್‌ರೂಫಿನಿಂದ ಎದ್ದು ನಿಲ್ಲಿಸಿ, ಇಂದಿರಾನಗರದ ಗೂಂಡಾ ಎಂದು ಕೂಗಿಸಿದಾಗ ನಗದವರು ಯಾರು? ಪೊಲೀಸರಿಂದ ಹಿಡಿದು ಬೇರೆ ಕಂಪನಿಗಳವರೆಗೆ ಎಲ್ಲರೂ ಅದರ ಮೇಲೆ ತಮಾಷೆ ಕಟ್ಟಿದರು. ಕ್ರೆಡ್ ಎಂದರೇನು ಎಂದು ಕೇಳಿದರೆ ಆ ನಕ್ಕವರಲ್ಲಿ ಬಹಳ ಮಂದಿ ಇವತ್ತೂ ತಡವರಿಸುತ್ತಾರೆ. ಆದರೂ ಹೆಸರು ಉಳಿಯಿತು, ಸುಳ್ಳಲ್ಲ.

ಆಕ್ಷೇಪವನ್ನು ಒಪ್ಪಿಯೂ ಒಂದು ಷರತ್ತು ಹಾಕಬೇಕಾಗುತ್ತದೆ. ನೆನಪು ಕೆಲಸ ಮಾಡುವುದು ಕೈಗೆಟುಕುವ, ಎಲ್ಲ ಅಂಗಡಿಯಲ್ಲೂ ಒಂದೇ ಥರ ಇರುವ, ಪ್ರತಿ ಸಲವೂ ಮಾತು ಉಳಿಸಿಕೊಳ್ಳುವ ಸರಕಿಗೆ. ನಿರ್ಮಾದ ಹಾಡು ಬಟ್ಟೆ ಶುಭ್ರವಾಗುತ್ತದೆ ಎಂದಿತು. ಗೃಹಿಣಿ ಅದೇ ಸಂಜೆ ಒಗೆದು ನೋಡಬಹುದಿತ್ತು. ಈಗಿನ ಪ್ರಚಾರಗಳಲ್ಲಿ ಬಹುಪಾಲು ಹೀಗೆ ಒಗೆದು ನೋಡಬಹುದಾದ ಮಾತನ್ನೇ ಆಡುವುದಿಲ್ಲ. ತಾಯಂದಿರ ದಿನಕ್ಕೊಂದು, ನವರಾತ್ರಿಗೊಂದು, ರಾಜ್ಯೋತ್ಸವಕ್ಕೊಂದು ಪೋಸ್ಟರು. ನವೆಂಬರ್ 1ರಂದು ಮಾತ್ರ ಕನ್ನಡ ಬರುವ ಕಂಪನಿಗಳು ನಮಗೆ ಎಷ್ಟು ಬೇಕಾದರೂ ಗೊತ್ತು. ಅದನ್ನು ನೋಡಿ ಹೃದಯದ ಗುರುತು ಒತ್ತಿದವನು ಶಿಷ್ಟಾಚಾರಕ್ಕೆ ನಮಸ್ಕಾರ ಹೇಳಿದ್ದಾನೆ, ಅಷ್ಟೇ.

ಸರ್ಕಾರವೂ ತಡವಾಗಿ ಈ ಕಡೆ ಕಣ್ಣು ಹಾಯಿಸಿದೆ. ಹಣ ಪಡೆದು ಹೊಗಳುವ ಇನ್‌ಫ್ಲುಯೆನ್ಸರುಗಳು ಅದನ್ನು ಎದ್ದುಕಾಣುವಂತೆ ಹೇಳಬೇಕೆಂದು 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಸೂಚಿಸಿತು. ದಾರಿತಪ್ಪಿಸುವ ಜಾಹೀರಾತಿಗೆ ದಂಡ ಹತ್ತು ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ ಐವತ್ತು ಲಕ್ಷದವರೆಗೆ. ಅದೇ ವರ್ಷ ನವೆಂಬರ್ 30ರಂದು ಆನ್‌ಲೈನ್ ವ್ಯಾಪಾರದ ಹದಿಮೂರು ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿ ನಿಷೇಧಿಸಿದರು. ಇಲ್ಲದ ಅವಸರ ಹುಟ್ಟಿಸುವುದು ಅದರಲ್ಲೊಂದು. ‘ಎರಡೇ ಪೀಸ್ ಉಳಿದಿದೆ’ ಎಂಬ ಲೈವಿನ ಕೂಗು ಈ ಪಟ್ಟಿಗೆ ಸೇರುತ್ತದೆಯೇ? ನಿಜಕ್ಕೂ ಎರಡೇ ಉಳಿದಿದ್ದರೆ ಇಲ್ಲ. ಉಳಿದದ್ದು ಎರಡೇ ಹೌದೋ ಎಂದು ರಿಂಗ್ ರೋಡಿನ ಮೂರನೇ ಮಹಡಿಗೆ ಹೋಗಿ ಎಣಿಸುವವರು ಯಾರು ಎಂಬುದು ಬೇರೆ ಮಾತು.

ಕರ್ನಾಟಕದ ಸಾರ್ವಜನಿಕ ಉದ್ದಿಮೆಗಳಿಗೆ ಈ ಚರ್ಚೆ ದೂರದ್ದಲ್ಲ. ಅಮುಲ್ ಮತ್ತು ನಂದಿನಿಯ ಜಗಳ 2025ರ ಜೂನ್‌ನಲ್ಲಿ ಮತ್ತೆ ಎದ್ದಿತು, ಈ ಸಲ ನಮ್ಮ ಮೆಟ್ರೊ ನಿಲ್ದಾಣಗಳ ಮಳಿಗೆಗಳಿಗಾಗಿ. ಟೆಂಡರಿನಲ್ಲಿ ಹತ್ತು ನಿಲ್ದಾಣ ಅಮುಲ್‌ಗೆ ಹೋಗಿತ್ತು. ಗಲಾಟೆಯಾದ ಮೇಲೆ, ತೆರೆದ ಎರಡು ಇರಲಿ, ಉಳಿದ ಎಂಟು ಕೆಎಂಎಫ್‌ಗೆ ಎಂದು ಡಿ.ಕೆ. ಶಿವಕುಮಾರ್ ಹೇಳಿದರು. ಜನರ ಅಭಿಮಾನವನ್ನು ಎರಡು ವರ್ಷದಲ್ಲಿ ಮಳಿಗೆಯಾಗಿಸದೆ ಕೂತದ್ದು ಯಾರ ತಪ್ಪು ಎಂದು ಆಗ ಕೇಳಿದವರು ಕಡಿಮೆ. ಅದಕ್ಕೆ ಒಂದು ತಿಂಗಳು ಮೊದಲು, ನೂರು ವರ್ಷ ದಾಟಿದ ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು 6.20 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ಕನ್ನಡದ ನಟಿಯರಿಲ್ಲವೇ ಎಂಬ ಕೂಗೆದ್ದಿತ್ತು. ಗುರಿ ರಾಜ್ಯದ ಹೊರಗಿನ ಮಾರುಕಟ್ಟೆ ಎಂದು ಸಚಿವ ಎಂ.ಬಿ. ಪಾಟೀಲ್ ಉತ್ತರಿಸಿದರು. ಉತ್ತರ ತರ್ಕಬದ್ಧವೇ. ಹಾಗಿದ್ದರೆ ಅದನ್ನು ಅಳೆಯುವುದೂ ಸುಲಭ: ಅಹಮದಾಬಾದಿನ, ವಡೋದರದ, ಸೂರತ್‌ನ ನೂರು ಕಿರಾಣಿ ಅಂಗಡಿಗಳಲ್ಲಿ ಒಪ್ಪಂದದ ಮೊದಲು ಸ್ಯಾಂಡಲ್ ಸೋಪು ಎಷ್ಟು ಹೋಗುತ್ತಿತ್ತು, ಆಮೇಲೆ ಎಷ್ಟು ಹೋಯಿತು ಎಂದು ಯಾರನ್ನಾದರೂ ಕಳಿಸಿ ಎಣಿಸಬೇಕು. ಖರ್ಚು ಹೆಚ್ಚೇನಿಲ್ಲ. ಎಷ್ಟು ಕೋಟಿ ಜನರನ್ನು ತಲುಪಿದೆವು ಎಂಬ ಬಣ್ಣದ ಸ್ಲೈಡುಗಳನ್ನು ಮಂಡಳಿಯ ಮುಂದಿಡುವ ಹೊತ್ತಿಗೆ ಈ ನೂರು ಅಂಗಡಿಯ ಚೀಟಿಯನ್ನೂ ಜೊತೆಗಿಡಿ ಎಂದು ಸದನದಲ್ಲಿ ಯಾರಾದರೂ ಕೇಳಬಹುದು, ಕೇಳಬೇಕು. ಹಣ ತೆರಿಗೆ ಕಟ್ಟುವವರದು.